ಯಂತ್ರದ ಆಯ್ಕೆ, ಅಕ್ಷರದ ಉಳಿವು

ಕಾಲೇಜುಗಳು ತೆರೆಯುವ ಕಾಲ ಬಂದಿತೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮಕ್ಕಳಿಗೆ ಕೊಡಿಸುವ ಲ್ಯಾಪ್‌ಟಾಪಿನಲ್ಲಿ ಯಾವ ಆಪರೇಟಿಂಗ್ ಸಿಸ್ಟಂ ಇರಬೇಕು, ವಿಂಡೋಸೋ, ಮ್ಯಾಕೋ, ಲಿನಕ್ಸೋ? ಬೆಲೆಯ ಮಾತನ್ನು ಅಂಗಡಿಯವನು ಹೇಳಿಯಾನು. ಕನ್ನಡದ ಮಾತನ್ನು ಚರಿತ್ರೆಯನ್ನೇ ಕೇಳಬೇಕು.

1991ರಲ್ಲಿ ಎರಡು ಸಂಗತಿಗಳು ನಡೆದುವು. ಫಿನ್ಲೆಂಡಿನಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸಿನ ತಿರುಳನ್ನು ಬರೆದು ಹಂಚಿದನು. ಅದೇ ವರ್ಷ, ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪ್ರಕಟವಾಗಿ, ಕನ್ನಡಕ್ಕೂ 128 ಮನೆಗಳು ಮೀಸಲಾದುವು. ಮನೆ ದೊರೆತರೂ ಗೃಹಪ್ರವೇಶ ತಡವಾಯಿತು. ವಿಂಡೋಸಿನೊಡನೆ ‘ತುಂಗಾ’ ಎಂಬ ಕನ್ನಡ ಫಾಂಟು ಬಂದುದು 2001ರ ಎಕ್ಸ್‌ಪಿಯಲ್ಲಿ. ಆ ಕಾಲದಲ್ಲಿ ನಮ್ಮ ಕೈಹಿಡಿದುವು ಶೇಷಾದ್ರಿವಾಸು ಅವರು 1998ರಲ್ಲಿ ತಂದ ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತಿನ ‘ನುಡಿ’. ಆ ಉಪಕಾರ ದೊಡ್ಡದು. ಆದರೆ ಅಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆ ಹೊದಿಸಿದ ಕನ್ನಡದ ಮುಸುಕು. ಆ ಫಾಂಟು ಇಲ್ಲದ ಯಂತ್ರದಲ್ಲಿ ಮುಸುಕು ಜಾರಿ, ಪದ್ಯವೂ ಪ್ರಬಂಧವೂ ಅರ್ಥವಿಲ್ಲದ ಗುರುತುಗಳಾಗುತ್ತಿದ್ದುವು.

ಇಂದು ಮೂರರಲ್ಲಿಯೂ ಯೂನಿಕೋಡ್ ಕನ್ನಡವುಂಟು. ವಿಂಡೋಸಿನ ಬಳಕೆ ಹೆಚ್ಚು. ಮ್ಯಾಕಿಗೆ ಹಣ ಹೆಚ್ಚು. ಲಿನಕ್ಸಿಗೆ ಹಣ ಬೇಡ, ಕಲಿಯುವ ತಾಳ್ಮೆ ಬೇಕು. ಓದುವ ವಿಷಯವನ್ನೂ ಮನೆಯ ಕೈಯಳತೆಯನ್ನೂ ನೋಡಿ ಆರಿಸಿಕೊಳ್ಳಬಹುದು. ಬರೆದುದನ್ನು ಮಾತ್ರ ಯೂನಿಕೋಡಿನಲ್ಲಿಯೇ ಉಳಿಸಬೇಕು. ಚನ್ನಪಟ್ಟಣದ ಬೊಂಬೆ ಯಾವ ಊರಿಗೆ ಹೋದರೂ ಬೊಂಬೆಯೇ. ನಮ್ಮ ಮಕ್ಕಳ ಕನ್ನಡವೂ ಯಾವ ಯಂತ್ರಕ್ಕೆ ಹೋದರೂ ಕನ್ನಡವಾಗಿಯೇ ತೆರೆದುಕೊಳ್ಳಲಿ.