ಶೇ. 85ರ ಮರುವಿಚಾರಣೆ: ಮೊನೆರೋ ನಾನ್ಸ್‌ಗಳ ಸಾಕ್ಷ್ಯ ಮತ್ತು ಅದರ ಮಿತಿ

ಮೊನೆರೋ ಎಂಬ ಕ್ರಿಪ್ಟೋ ನಾಣ್ಯ ತನ್ನ ಮೈನಿಂಗ್ ಅಲ್ಗಾರಿದಮನ್ನು ಬದಲಿಸಿದ ಕಥೆ ಬರೆದವರಲ್ಲಿ ಹೆಚ್ಚಿನವರು ಒಂದೇ ಎಳೆ ಹಿಡಿದು ಹೋಗುತ್ತಾರೆ. 2018ರ ಮಾರ್ಚ್ 15ರಂದು ಬಿಟ್‌ಮೈನ್ ಕಂಪನಿ ಆಂಟ್‌ಮೈನರ್ ಎಕ್ಸ್3 ಎಂಬ ಏಸಿಕ್ ಯಂತ್ರವನ್ನು, ಅಂದರೆ ಮೈನಿಂಗ್‌ಗೆಂದೇ ಮಾಡಿದ ಚಿಪ್‌ನ ಯಂತ್ರವನ್ನು, ಪ್ರಕಟಿಸಿತು. ಗಾಬರಿಗೊಂಡ ಡೆವಲಪರ್‌ಗಳು ಏಪ್ರಿಲ್ 6ರ ಫೋರ್ಕ್‌ನಲ್ಲಿ, ಅಂದರೆ ಜಾಲದ ನಿಯಮ ಬದಲಾವಣೆಯಲ್ಲಿ, ಕ್ರಿಪ್ಟೋನೈಟ್ ಅಲ್ಗಾರಿದಮನ್ನು ತಿದ್ದಿದರು. ಜಾಲದ ಒಟ್ಟು ಲೆಕ್ಕಾಚಾರದ ವೇಗವಾದ ಹ್ಯಾಶ್‌ರೇಟ್ ಅರ್ಧಕ್ಕಿಂತ ಕೆಳಗಿಳಿಯಿತು. ಇಳಿದದ್ದೆಲ್ಲ ಏಸಿಕ್‌ಗಳ ಪಾಲು. ಈ ನಾಲ್ಕು ಮಾತುಗಳಲ್ಲಿ ಮೊದಲೆರಡನ್ನು ಬೆಸೆದ ಕಾರ್ಯಕಾರಣ ತಪ್ಪು. ನಾಲ್ಕನೆಯದಕ್ಕೆ ಆಧಾರ ಸಾಲದು.

ಕಾಲಕ್ರಮದ ತಪ್ಪನ್ನು ಬೇಗ ಮುಗಿಸಬಹುದು. ಅಲ್ಗಾರಿದಮ್ ಬದಲಿಸುವ ನಿರ್ಧಾರ ಹೊರಬಿದ್ದದ್ದು ಫೆಬ್ರವರಿ 11ರಂದು, ಎಕ್ಸ್3 ಸುದ್ದಿಯಾಗುವುದಕ್ಕೆ ಒಂದು ತಿಂಗಳ ಮೊದಲೇ. ಏಸಿಕ್ ಬಂದರೆ ತುರ್ತು ಫೋರ್ಕ್‌ಗೂ ಸಿದ್ಧ, ಆರು ತಿಂಗಳಿಗೊಮ್ಮೆ ನಡೆಯುವ ಪ್ರತಿ ಫೋರ್ಕ್‌ನಲ್ಲೂ ಅಲ್ಗಾರಿದಮನ್ನು ಸ್ವಲ್ಪ ತಿದ್ದುತ್ತೇವೆ ಎಂದು ಮೊನೆರೋ ಬಳಗ ಆಗಲೇ ಸಾರಿತ್ತು. ಅಂದರೆ ಬಿಟ್‌ಮೈನ್ ತನ್ನ ಸರಕನ್ನು ಹೊರತಂದದ್ದು 'ಇಲ್ಲಿ ಇದು ನಡೆಯದು' ಎಂದು ಡಂಗುರ ಸಾರಿದ ಮೇಲೆ. ಇದು ಕಂಪನಿಯ ದಡ್ಡತನವಿರಬಹುದು; ಅಥವಾ ಯಂತ್ರ ಗಳಿಸಬೇಕಾದ್ದನ್ನು ಗುಟ್ಟಾಗಿ ಗಳಿಸಿ ಮುಗಿಸಿದ ಮೇಲೆ ಮಾರಾಟಕ್ಕೆ ಬಂದಿರಬಹುದು. ಎರಡನೆಯ ಊಹೆಗೆ ಬಲ ಕೊಡುವ ಹೇಳಿಕೆ ಡೇವಿಡ್ ವೋರಿಕ್ ಅವರದು. ಗುಪ್ತ ಏಸಿಕ್‌ಗಳು ಸುಮಾರು ಒಂದು ವರ್ಷ ಕಾಲ ಮೊನೆರೋ ಜಾಲದ ಅರ್ಧಕ್ಕೂ ಹೆಚ್ಚು ಪಾಲು ಹಿಡಿದಿದ್ದವು ಎಂಬ ಅಂದಾಜನ್ನು ಅವರು 2018ರ ಮೇ ತಿಂಗಳ ಬರಹದಲ್ಲಿ ಮುಂದಿಟ್ಟರು. ವೋರಿಕ್ ಸಿಯಾ ಎಂಬ ಕ್ರಿಪ್ಟೋ ಯೋಜನೆಯ ಸಂಸ್ಥಾಪಕರಲ್ಲಿ ಒಬ್ಬರು. ಅವರ ಒಬೆಲಿಸ್ಕ್ ಕಂಪನಿಯ ಕಸುಬೇ ಆಗ ಏಸಿಕ್ ತಯಾರಿಕೆಯಾಗಿತ್ತು. ಏಸಿಕ್ ತಡೆಯುವುದು ವ್ಯರ್ಥ ಎಂದು ತೋರಿದರೆ ಅವರಿಗೆ ಲಾಭವಿತ್ತು. ಅಷ್ಟರಿಂದಲೇ ಸಾಕ್ಷಿ ಸುಳ್ಳಾಗುವುದಿಲ್ಲ; ಆದರೆ ಅದನ್ನು ಎರವಲು ಪಡೆದು ಬರೆದವರು ಈ ವಿವರವನ್ನು ಬಿಟ್ಟೇ ಬರೆದಿದ್ದಾರೆ.

ಇನ್ನು ಕುಸಿತದ ವಿಚಾರ. ಹ್ಯಾಶ್‌ರೇಟನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ಬ್ಲಾಕ್‌ನ ಕಠಿಣತೆಯನ್ನು ಗುರಿ ಸಮಯವಾದ 120 ಸೆಕೆಂಡುಗಳಿಂದ ಭಾಗಿಸಿ ಊಹಿಸುತ್ತಾರೆ. ಕಠಿಣತೆ ಹಿಂದಿನ 720 ಬ್ಲಾಕ್‌ಗಳ, ಅಂದರೆ ಹೆಚ್ಚುಕಡಿಮೆ ಒಂದು ದಿನದ, ಸರಾಸರಿಯಿಂದ ಹುಟ್ಟುತ್ತದೆ. ಫೋರ್ಕ್ ಆದ ಮರುದಿನದ ಅಂಕಿ ಹಳೆಯ ಮತ್ತು ಹೊಸ ಕಾಲಗಳ ಕಲಬೆರಕೆ. ಏಪ್ರಿಲ್ ಕುಸಿತದಲ್ಲಿ ಹೊರಬಿದ್ದ ಏಸಿಕ್‌ಗಳ ಜತೆಗೆ ಸಾಫ್ಟ್‌ವೇರ್ ನವೀಕರಿಸದೆ ಉಳಿದವರೂ, ಮೊನೆರೋ ಕ್ಲಾಸಿಕ್ ಮುಂತಾದ ಹೆಸರಿನಲ್ಲಿ ಹಳೆಯ ಅಲ್ಗಾರಿದಮನ್ನೇ ಮುಂದುವರಿಸಿದವರೂ ಸೇರಿದ್ದಾರೆ. ಕಳೆದ ಮೊತ್ತವನ್ನೆಲ್ಲ ಒಂದೇ ಖಾತೆಗೆ ಬರೆಯುವುದು ಲೆಕ್ಕವಲ್ಲ.

ಅದಕ್ಕಿಂತ ದೊಡ್ಡ ತೊಡಕು ಅಳತೆಯದು. ಏಪ್ರಿಲ್ ತಿದ್ದುಪಡಿ ಸಣ್ಣದು. ಸಾಮಾನ್ಯ ಕಂಪ್ಯೂಟರಿನ ವೇಗ ಅದರಿಂದ ಹೆಚ್ಚೇನೂ ಬದಲಾಗಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ 2018ರ ಅಕ್ಟೋಬರ್ 18ರ ಎರಡನೆಯ ತಿದ್ದುಪಡಿ ಭಾಗಾಕಾರವನ್ನೂ ವರ್ಗಮೂಲವನ್ನೂ ಸೇರಿಸಿತು. 2019ರ ನವೆಂಬರ್ 30ರಂದು ಬಂದ ರಾಂಡಮ್‌ಎಕ್ಸ್ ಕ್ರಿಪ್ಟೋನೈಟನ್ನೇ ಕಿತ್ತೊಗೆಯಿತು. ಈ ದಿನಾಂಕಗಳ ಆಚೀಚೆಯ ಹ್ಯಾಶ್‌ಗಳನ್ನು ಒಂದೇ ಗೆರೆಯಲ್ಲಿ ಜೋಡಿಸಿ ನಕ್ಷೆ ಬಿಡಿಸುವುದು ಸೇರಿನಲ್ಲಿ ಅಳೆದ ರಾಗಿಯನ್ನೂ ಬಳ್ಳದಲ್ಲಿ ಅಳೆದ ರಾಗಿಯನ್ನೂ ಎಣಿಕೆಯಿಂದಷ್ಟೇ ಹೋಲಿಸಿದಂತೆ. ಇದಕ್ಕೆ ಯಾರೂ ಗಮನಿಸದ ಒಂದು ಸಾಕ್ಷಿಯಿದೆ. ಜಾಲತಾಣಗಳಿಗೆ ಬಂದವರ ಬ್ರೌಸರಿನಲ್ಲಿ ಮೊನೆರೋ ಮೈನಿಂಗ್ ನಡೆಸುತ್ತಿದ್ದ ಕಾಯಿನ್‌ಹೈವ್ 2019ರ ಮಾರ್ಚ್ 8ರಂದು ಬಾಗಿಲು ಮುಚ್ಚಿತು. ಕೊಟ್ಟ ಕಾರಣಗಳಲ್ಲಿ ಒಂದು, ಹಿಂದಿನ ಫೋರ್ಕ್ ಆದ ಮೇಲೆ ತನ್ನ ಹ್ಯಾಶ್‌ರೇಟ್ ಶೇ. 50ಕ್ಕೂ ಹೆಚ್ಚು ಬಿದ್ದುಹೋಯಿತು ಎಂಬುದು. ಕಾಯಿನ್‌ಹೈವ್ ಕೈಯಲ್ಲಿ ಏಸಿಕ್ ಇರಲಿಲ್ಲ. ಇದ್ದದ್ದು ಜನರ ಮನೆ ಕಂಪ್ಯೂಟರುಗಳು. ಕದ್ದು ಮೈನಿಂಗ್ ಮಾಡುವವರ ಕೈಗೊಂಬೆಯೆಂಬ ಅಪಕೀರ್ತಿ ಹೊತ್ತಿದ್ದ ಸಂಸ್ಥೆಯ ಮಾತೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಈ ವಿಷಯದಲ್ಲಿ ಅದಕ್ಕೆ ಸುಳ್ಳು ಹೇಳುವ ಲಾಭವಿರಲಿಲ್ಲ. ಏಸಿಕ್‌ಗಳಿಲ್ಲದ ಕಡೆಯೂ ಫೋರ್ಕ್ ಹ್ಯಾಶ್‌ರೇಟನ್ನು ಅರ್ಧಕ್ಕಿಳಿಸಬಲ್ಲದು ಎಂದಾದರೆ, ಕುಸಿತವನ್ನು ಏಸಿಕ್ ಪಾಲಿನ ಅಳತೆಗೋಲಾಗಿ ಬಳಸುವವರು ಮೊದಲು ಇದಕ್ಕೆ ಉತ್ತರ ಕೊಡಬೇಕು.

ಕುಸಿತಕ್ಕಿಂತ ನಂಬಲರ್ಹವಾದ ದಾಖಲೆ ಬ್ಲಾಕ್‌ಚೈನ್‌ನಲ್ಲೇ ಇದೆ. ಅದು ನಾನ್ಸ್, ಬ್ಲಾಕ್‌ನ ತಲೆಬರಹದಲ್ಲಿ ನಾಲ್ಕು ಬೈಟ್‌ಗಳ ಒಂದು ಸಂಖ್ಯೆ. 0ಯಿಂದ 4,29,49,67,295ರವರೆಗೆ ಯಾವುದಾದರೂ ಆಗಬಹುದು. ಮೈನರ್ ಈ ಸಂಖ್ಯೆಯನ್ನು ಬದಲಿಸುತ್ತ ಹ್ಯಾಶ್ ಮಾಡುತ್ತ ಹೋಗುತ್ತಾನೆ. ಗುರಿಗೆ ಹೊಂದಿದ್ದು ಬ್ಲಾಕ್‌ನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಗೆಲ್ಲುವ ಸಂಭವ ಎಲ್ಲ ನಾನ್ಸ್‌ಗಳಿಗೂ ಒಂದೇ ಆದ್ದರಿಂದ, ಗೆದ್ದ ನಾನ್ಸ್‌ಗಳ ಹರವು ಪ್ರಯತ್ನಿಸಿದ ನಾನ್ಸ್‌ಗಳ ಹರವನ್ನೇ ತೋರಿಸುತ್ತದೆ. ಎಲ್ಲರೂ ಸೊನ್ನೆಯಿಂದ ಶುರು ಮಾಡಿದರೆ ಗೆದ್ದವು ಕೆಳಗೆ ಗುಂಪಾಗುತ್ತವೆ. ಎಲ್ಲೆಂದರಲ್ಲಿ ಶುರು ಮಾಡಿದರೆ ಚದುರುತ್ತವೆ.

2019ರ ಫೆಬ್ರವರಿಯಲ್ಲಿ ಗುಪ್ತನಾಮದ ವಿಶ್ಲೇಷಕರೊಬ್ಬರು ಈ ಹರವನ್ನು ಮುಂದಿಟ್ಟು, ಜಾಲದ ಹ್ಯಾಶ್‌ರೇಟ್‌ನಲ್ಲಿ ಶೇ. 85ಕ್ಕೂ ಹೆಚ್ಚು ಏಸಿಕ್‌ಗಳದೆಂದೂ, ಒಂದೊಂದು ಯಂತ್ರದ ವೇಗ ಸೆಕೆಂಡಿಗೆ 128 ಕಿಲೋಹ್ಯಾಶ್ ಎಂದೂ ಹೇಳಿದರು. ಹೊಸ ವರ್ಷದ ಹೊತ್ತಿಗೆ ನಾನ್ಸ್‌ಗಳಲ್ಲಿ ಪಟ್ಟಿಪಟ್ಟಿಯಾದ ದಟ್ಟಣೆ ಕಾಣಿಸಿಕೊಂಡದ್ದು ಅವರ ವಾದದ ಬುನಾದಿ. ಅಂದಿನಿಂದ ಶೇ. 85 ಎಂಬ ಅಂಕಿ ಪ್ರಶ್ನೆಯಿಲ್ಲದೆ ಒಂದು ಬರಹದಿಂದ ಇನ್ನೊಂದಕ್ಕೆ ನಕಲಾಗುತ್ತ ಬಂದಿದೆ. ಬ್ಲಾಕ್‌ಚೈನ್‌ನಲ್ಲಿ ಕಸವೆಂದು ಎಲ್ಲರೂ ದಾಟಿಹೋಗುತ್ತಿದ್ದ ಸಂಖ್ಯೆಯನ್ನು ದಾಖಲೆಯಾಗಿ ಓದಿದ ಶ್ರೇಯ ಅವರಿಗೆ ಸಲ್ಲಬೇಕು. ಆದರೆ ಆ ವಾದದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಬೆರೆತುಹೋಗಿವೆ: ಅಪರಿಚಿತ ಯಂತ್ರಗಳಿದ್ದವೇ? ಅವುಗಳ ಪಾಲೆಷ್ಟು? ಒಂದೊಂದರ ವೇಗವೆಷ್ಟು?

ಮೊದಲನೆಯದಕ್ಕೆ ನಾನ್ಸ್ ಉತ್ತರ ಕೊಡುತ್ತದೆ, ಅದೂ ಫೋರ್ಕ್ ದಿನದ ನೆರವಿನಿಂದ. 2019ರ ಮಾರ್ಚ್ 9ರಂದು ಮುಂದಿನ ತಿದ್ದುಪಡಿಯಾದ ಕ್ರಿಪ್ಟೋನೈಟ್-ಆರ್ ಜಾರಿಗೆ ಬಂದಾಗ ಆ ಪಟ್ಟಿಗಳು ಮಾಯವಾದವು. ಸಿಪಿಯು, ಜಿಪಿಯು ಮೈನರ್‌ಗಳು ಹೊಸ ಸಾಫ್ಟ್‌ವೇರ್ ಹಾಕಿಕೊಂಡರೂ ನಾನ್ಸ್ ಹುಡುಕುವ ಅಭ್ಯಾಸ ಹಿಂದಿನದೇ ಆಗಿರುತ್ತದೆ. ಹ್ಯಾಶ್ ಲೆಕ್ಕ ಬದಲಾದರೂ ಎಣಿಸುವ ರೀತಿ ಬದಲಾಗಬೇಕಿಲ್ಲ. ಪಟ್ಟಿಗಳು ಅಳಿಸಿಹೋದವು ಎಂದರೆ ಹಾಗೆ ಹುಡುಕುತ್ತಿದ್ದವರು ಹೊಸ ಅಲ್ಗಾರಿದಮ್‌ಗೆ ದಾಟಲಾಗದೆ ಹೊರಬಿದ್ದರು ಎಂದೇ ಅರ್ಥ. ಇಷ್ಟರಮಟ್ಟಿಗೆ ಆ ವಿಶ್ಲೇಷಕರ ಪಕ್ಷವೇ ನನ್ನದೂ. ಅವರ ವಾದವನ್ನು ಬರಿಯ ಸಂಶಯಪಿಶಾಚಿ ಎಂದು ಅಂದು ಲೇವಡಿ ಮಾಡಿದವರಿಗೆ ಮಾರ್ಚ್ 9ರ ನಾನ್ಸ್‌ಗಳೇ ಸಾಕು.

ಎರಡನೆಯದಕ್ಕೆ ನಾನ್ಸ್ ಒಂದೇ ಸಾಲದು. ದಟ್ಟ ಪಟ್ಟಿಯೊಳಗೆ ಬಿದ್ದ ಬ್ಲಾಕ್‌ಗಳಲ್ಲಿ ಎಷ್ಟು ಸಾಮಾನ್ಯ ಮೈನರ್‌ಗಳದು ಎಂದು ಕಳೆಯಬೇಕಾದರೆ ಸಾಮಾನ್ಯ ಮೈನರ್‌ಗಳ ಹರವು ಸಮತಟ್ಟಾಗಿತ್ತು ಎಂದು ಮೊದಲೇ ಊಹಿಸಿಕೊಳ್ಳಬೇಕು. ಅದು ಹಾಗಿರಲಿಲ್ಲ. ಸೊನ್ನೆಯಿಂದ ಎಣಿಸುವ ಸಾಫ್ಟ್‌ವೇರ್ ಇತ್ತು. ನೂರಾರು ಯಂತ್ರಗಳನ್ನು ಒಂದೇ ಸಂಪರ್ಕದಿಂದ ನಡೆಸುವ ಪ್ರಾಕ್ಸಿಗಳು ನಾನ್ಸ್‌ನ ಒಂದು ಬೈಟನ್ನು ತಾವೇ ಹಿಡಿದಿಟ್ಟುಕೊಂಡು, ಉಳಿದ ಮೂರು ಬೈಟ್‌ಗಳನ್ನು, ಅಂದರೆ 1,67,77,216 ಸಂಖ್ಯೆಗಳ ಒಂದು ಹೋಳನ್ನು, ಪ್ರತಿ ಯಂತ್ರಕ್ಕೂ ಹಂಚುತ್ತಿದ್ದವು. ಇಂಥ ಹೋಳುಗಳೂ ಪಟ್ಟಿಗಳನ್ನು ಮೂಡಿಸುತ್ತವೆ.

ಮೂರನೆಯದು ಇನ್ನೂ ದುರ್ಬಲ. ಸೆಕೆಂಡಿಗೆ 1,28,000 ಹ್ಯಾಶ್ ಎಣಿಸುವ ಯಂತ್ರ ಅಂಥ ಒಂದು ಹೋಳನ್ನು ಮುಗಿಸಲು ಸುಮಾರು 131 ಸೆಕೆಂಡು ಹಿಡಿಯುತ್ತದೆ. ಮೊನೆರೋ ಬ್ಲಾಕ್‌ನ ಗುರಿ ಸಮಯ 120 ಸೆಕೆಂಡು. ಎರಡೂ ಇಷ್ಟು ಹತ್ತಿರ ಬಂದದ್ದು ಕಾಕತಾಳೀಯವಿರಬಹುದು. ನನ್ನ ಅನುಮಾನ ಬೇರೆ: 128 ಎಂಬುದು ಚಿಪ್‌ನ ವೇಗಕ್ಕಿಂತ ಹೆಚ್ಚಾಗಿ ಹೋಳಿನ ಅಗಲವನ್ನು ಬ್ಲಾಕ್ ಸಮಯದಿಂದ ಭಾಗಿಸಿ ಬಂದ ನೆರಳು. ಇದನ್ನು ಸಿದ್ಧಾಂತವೆನ್ನುವುದಿಲ್ಲ. ಆದರೆ ಆ ಅಂಕಿಯನ್ನು ಯಂತ್ರದ ಜಾತಕವೆಂದು ಬಗೆದು ಅದರ ಮೇಲೆ ಯಂತ್ರಗಳ ಸಂಖ್ಯೆ, ಬಂಡವಾಳ, ಲಾಭ ಎಲ್ಲವನ್ನೂ ಕಟ್ಟಿದವರ ಲೆಕ್ಕಕ್ಕಿಂತ ಇದು ಎಚ್ಚರದ ಮಾತು. ಜತೆಗೆ ಚಿಪ್‌ನ ಬಗೆಯನ್ನು ನಾನ್ಸ್ ಹೇಳುವುದೇ ಇಲ್ಲ. ಅಕ್ಟೋಬರ್ 18ಕ್ಕೂ ವರ್ಷಾಂತ್ಯಕ್ಕೂ ನಡುವೆ ಎರಡೂವರೆ ತಿಂಗಳು ಮಾತ್ರ. ಹೊಸ ಏಸಿಕ್ ವಿನ್ಯಾಸದಿಂದ ಕಾರ್ಖಾನೆ ದಾಟಿ ಬರಲು ಅಷ್ಟು ಕಾಲ ಸಾಲದು. ತಿದ್ದುಪಡಿಯ ವಿವರ ಮೊದಲೇ ಬಹಿರಂಗವಾಗಿದ್ದರಿಂದ ಸಿದ್ಧತೆ ಮುಂಚೆಯೇ ಶುರುವಾಗಿರಬಹುದು. ಇಲ್ಲವೇ ಅವು ಎಫ್‌ಪಿಜಿಎಯಂಥ, ಬೇಕಾದಂತೆ ಮರುಹೊಂದಿಸಬಲ್ಲ ಚಿಪ್‌ಗಳಿರಬಹುದು.

ಹಾಗಾದರೆ ಈ ಬದಲಾವಣೆಗಳಿಂದ ಆದದ್ದೇನು? ಏಸಿಕ್‌ಗಳನ್ನು ಓಡಿಸಿದ ಕಥೆ ಅರ್ಧಸತ್ಯ. ಆರು ತಿಂಗಳಿಗೊಮ್ಮೆ ಸಾಯುವ ಯಂತ್ರವನ್ನು ಯಾರೂ ಬಹಿರಂಗವಾಗಿ ಕೊಳ್ಳುವುದಿಲ್ಲ. ಆದ್ದರಿಂದ ಯಾರೂ ಬಹಿರಂಗವಾಗಿ ಮಾರುವುದೂ ಇಲ್ಲ. ಉಳಿಯುವ ವ್ಯಾಪಾರ ಒಂದೇ: ಗುಟ್ಟಾಗಿ ಮಾಡಿಸಿ, ಗುಟ್ಟಾಗಿ ಓಡಿಸಿ, ಮುಂದಿನ ಫೋರ್ಕ್ ಬರುವ ಮುನ್ನ ಅಸಲು ಬಡ್ಡಿ ಎರಡನ್ನೂ ಬಾಚಿಕೊಳ್ಳುವುದು. ವೇಗವಾಗಿ ಚಿಪ್ ಮಾಡಿಸಬಲ್ಲ ಕೆಲವರಿಗೆ ಈ ಪದ್ಧತಿ ಪೈಪೋಟಿಯನ್ನೇ ಇಲ್ಲವಾಗಿಸಿತು. ರಾಂಡಮ್‌ಎಕ್ಸ್ ಬಂದದ್ದು ಈ ಸರಣಿಯ ಗೆಲುವಾಗಿ ಅಲ್ಲ, ಅದನ್ನು ನಿಲ್ಲಿಸಲು. 2080 ಎಂಬಿ ಮೆಮೊರಿ ಬೇಡುವ, ತಾನೇ ಹುಟ್ಟಿಸಿದ ಪ್ರೋಗ್ರಾಮುಗಳನ್ನು ಓಡಿಸುವ ಆ ಅಲ್ಗಾರಿದಮ್ ಸಿಪಿಯುವನ್ನೇ ಏಸಿಕ್ ಮಾಡಿಕೊಂಡಿತು. ಟ್ರೈಲ್ ಆಫ್ ಬಿಟ್ಸ್, ಕುಡೆಲ್ಸ್ಕಿ ಸೆಕ್ಯುರಿಟಿ ಸೇರಿ ನಾಲ್ಕು ಸಂಸ್ಥೆಗಳಿಂದ ಅದನ್ನು ಪರಿಶೀಲಿಸಿ ಜಾರಿಗೆ ತಂದ ಮೇಲೆ ಮೊನೆರೋ ಆರು ತಿಂಗಳ ತಿದ್ದುಪಡಿಯ ಪದ್ಧತಿಯನ್ನು ಕೈಬಿಟ್ಟಿತು. ಆ ಪದ್ಧತಿ ಸಫಲವಾಗಿದ್ದರೆ ಬಿಡುವ ಅಗತ್ಯವೇ ಇರಲಿಲ್ಲ.

ಪಾಲನ್ನು ಪರಿಣಾಮದಿಂದ ಓದುವ ಚಟ ಇಂದಿಗೂ ಹೋಗಿಲ್ಲ. 2025ರ ಆಗಸ್ಟ್‌ನಲ್ಲಿ ಕ್ಯುಬಿಕ್ ಎಂಬ ಬಳಗ ಸಾಮಾನ್ಯ ಸಿಪಿಯುಗಳಿಂದಲೇ ಮೊನೆರೋ ಜಾಲದ ಬಹುಪಾಲನ್ನು ಹಿಡಿದೆವೆಂದು ಘೋಷಿಸಿತು. ಆರು ಬ್ಲಾಕ್‌ಗಳು, ಸೆಪ್ಟೆಂಬರ್‌ನಲ್ಲಿ 18 ಬ್ಲಾಕ್‌ಗಳು ಅಳಿಸಿ ಬದಲಾದದ್ದನ್ನು ಕಂಡು ಹಲವು ಪತ್ರಿಕೆಗಳು ಆ ಮಾತನ್ನು ನಂಬಿದವು. ಆದರೆ ಕಂಡ ಬ್ಲಾಕ್‌ಗಳನ್ನು ಬಚ್ಚಿಟ್ಟು ಒಟ್ಟಿಗೆ ಬಿಡುಗಡೆ ಮಾಡುವ ತಂತ್ರ ಗೊತ್ತಿದ್ದವರಿಗೆ ಅರ್ಧಕ್ಕಿಂತ ಕಡಿಮೆ ಪಾಲಿನಿಂದಲೂ ಇದು ಸಾಧ್ಯ. ಅಲ್ಲಿಯೂ ಇದ್ದದ್ದು ಇರುವಿಕೆಯ ಸಾಕ್ಷ್ಯ, ಪಾಲಿನ ಸಾಕ್ಷ್ಯವಲ್ಲ. 2018–19ರ ಇತಿಹಾಸವನ್ನು ಇನ್ನು ಮುಂದೆ ಬರೆಯುವವರು ಶೇ. 85ನ್ನು ಕೈಬಿಟ್ಟು, ಯಾವ ಪಟ್ಟಿ ಯಾವ ಫೋರ್ಕ್‌ನಲ್ಲಿ ಅಳಿಯಿತು, ಯಾವುದು ಉಳಿಯಿತು ಎಂಬುದನ್ನು ಬ್ಲಾಕ್ ಬ್ಲಾಕ್ ನೋಡಿ ಗುರುತಿಸಿದರೆ ಸಾಕು. ದಾಖಲೆ ಪೂರ್ತಿಯಾಗಿ ಬಹಿರಂಗವಾಗಿದೆ. ಯಾರ ಅಪ್ಪಣೆಯೂ ಬೇಕಿಲ್ಲ.