ಗಡಿ ದಾಟಿದ ಹಸಿರು ಶಾಲು: ಹೊಂಡರಬಾಳಿನ ‘ಅಮೃತಭೂಮಿ’ ಮತ್ತು ಅಂತರರಾಷ್ಟ್ರೀಯ ರೈತ ಮೈತ್ರಿ

ಮೂರು ರಾಜ್ಯಗಳು ಸಂಧಿಸುವ ಗುಂಡ್ಲುಪೇಟೆ ಸೀಮೆಯ ರೈತನಿಗೆ ಗಡಿ ಎಂಬುದು ಹೊಸತಲ್ಲ. ತೆರಕಣಾಂಬಿ ಮಾರುಕಟ್ಟೆಯ ತರಕಾರಿ ಕೇರಳಕ್ಕೂ ತಮಿಳುನಾಡಿಗೂ ಹೋಗುತ್ತದೆ. ಆದರೆ ದೇಶದ ಗಡಿಯಾಚೆಯ ರೈತರೊಡನೆ ಈ ಜಿಲ್ಲೆಗೆ ನಂಟು ಬೆಳೆದದ್ದು ವ್ಯಾಪಾರದಿಂದಲ್ಲ, ವ್ಯಾಪಾರದ ನಿಯಮಗಳ ವಿರುದ್ಧ ನಡೆದ ಚಳವಳಿಯಿಂದ. ಚಾಮರಾಜನಗರ ತಾಲ್ಲೂಕಿನ ಹೊಂಡರಬಾಳಿನಲ್ಲಿರುವ ‘ಅಮೃತಭೂಮಿ’ ಆ ನಂಟಿನ ಫಲ.

1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ರೈತ ಸಂಘದ ಆರಂಭದ ಹೋರಾಟಗಳು ಸಾಲ, ಕರ ಮತ್ತು ಬೆಲೆಗೆ ಸಂಬಂಧಿಸಿದವು. 1991ರಲ್ಲಿ ಗ್ಯಾಟ್ ಮಾತುಕತೆಯ ಡಂಕೆಲ್ ಕರಡು ಹೊರಬಿದ್ದ ಮೇಲೆ, ಬಿತ್ತನೆ ಬೀಜದ ಹಕ್ಕು ಕಂಪನಿಗಳ ಪಾಲಾಗಲಿದೆ ಎಂಬ ಆತಂಕವನ್ನು ಸಂಘದ ಅಧ್ಯಕ್ಷ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಹಳ್ಳಿಗಳಿಗೆ ಒಯ್ದರು. 1992ರ ಡಿಸೆಂಬರಿನಲ್ಲಿ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಯಲ್ಲಿ ಸುಟ್ಟರು. ಮರುವರ್ಷದ ಅಕ್ಟೋಬರಿನಲ್ಲಿ ಅದೇ ನಗರದಲ್ಲಿ ಬೀಜ ಸತ್ಯಾಗ್ರಹದ ಬೃಹತ್ ಸಮಾವೇಶ ಜರುಗಿತು. 1993ರಲ್ಲೇ ಬೆಲ್ಜಿಯಂನ ಮಾನ್ಸ್ ನಗರದಲ್ಲಿ ‘ಲಾ ವಿಯಾ ಕಂಪೆಸಿನಾ’ ರೂಪುಗೊಂಡಿತು. ಸ್ಪ್ಯಾನಿಷ್ ಭಾಷೆಯ ಈ ಹೆಸರಿಗೆ ‘ರೈತರ ಹಾದಿ’ ಎಂದರ್ಥ. ಮುಂದೆ ರೈತ ಸಂಘ ಈ ಒಕ್ಕೂಟದ ಸದಸ್ಯ ಸಂಘಟನೆಯಾಯಿತು.

ಮೈತ್ರಿಯ ನಿಜವಾದ ಪರೀಕ್ಷೆ 1999ರಲ್ಲಿ ನಡೆಯಿತು. ಆ ವರ್ಷದ ಮೇ-ಜೂನ್ ತಿಂಗಳುಗಳಲ್ಲಿ ಸುಮಾರು 400 ಭಾರತೀಯ ರೈತರು ಯುರೋಪಿನ ದೇಶಗಳಲ್ಲಿ ಸಂಚರಿಸಿದರು. ಇವರಲ್ಲಿ ಕರ್ನಾಟಕದ ಹಸಿರು ಶಾಲಿನವರು ಗಣನೀಯ ಸಂಖ್ಯೆಯಲ್ಲಿದ್ದರು. ಯಾತ್ರೆ ಕೊನೆಗೊಂಡದ್ದು ಜಿ-8 ಶೃಂಗಸಭೆ ನಡೆದ ಜರ್ಮನಿಯ ಕಲೋನ್ ನಗರದಲ್ಲಿ. ಯುರೋಪಿನ ರೈತನಿಗೆ ಅಲ್ಲಿನ ಸರ್ಕಾರ ಸಹಾಯಧನ ನೀಡುತ್ತದೆ. ಆ ಬಲದಿಂದ ಅಗ್ಗವಾಗುವ ಸರಕು ಬಡ ದೇಶಗಳ ರೈತನ ಬೆಲೆಯನ್ನು ಮುರಿಯುತ್ತದೆ. ಹೀಗೆ ಎದುರುಬದುರಾಗಿರುವ ಇಬ್ಬರು ಒಂದೇ ವೇದಿಕೆ ಏರುವುದು ಹೇಗೆ? ಇದಕ್ಕೆ ಒಕ್ಕೂಟ ಕಂಡುಕೊಂಡ ಉತ್ತರ, 1996ರಲ್ಲಿ ಅದು ಮುಂದಿಟ್ಟ ‘ಆಹಾರ ಸಾರ್ವಭೌಮತ್ವ’. ಪ್ರತಿ ದೇಶವೂ ಮೊದಲು ತನ್ನ ಜನರಿಗಾಗಿ ಬೆಳೆಯಲಿ, ರೈತನಿಗೆ ಖರ್ಚು ಗಿಟ್ಟುವ ಬೆಲೆ ಸಿಗಲಿ, ಹೊರಗೆ ಸುರಿಯುವ ಅಗ್ಗದ ರಫ್ತು ನಿಲ್ಲಲಿ ಎಂಬುದು ಅದರ ತಿರುಳು. ಇಬ್ಬರ ಹಿತಾಸಕ್ತಿಗಳ ಭೇದ ಇದರಿಂದ ಅಳಿಯಲಿಲ್ಲವಾದರೂ ಜೊತೆಯಾಗಿ ನಿಲ್ಲಲು ನೆಲವೊಂದು ದೊರೆಯಿತು.

ಫಲಿತಾಂಶ ಮಿಶ್ರವೆಂದೇ ಹೇಳಬೇಕು. 1998ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಪ್ರಾಯೋಗಿಕ ಬಿಟಿ ಹತ್ತಿಯನ್ನು ಕಿತ್ತು ಸುಟ್ಟರೂ, 2002ರಲ್ಲಿ ಅದಕ್ಕೆ ಕೇಂದ್ರದ ಅನುಮತಿ ದೊರೆಯಿತು. ಇಂದು ದೇಶದ ಹತ್ತಿಹೊಲಗಳಲ್ಲಿ ಬಹುಪಾಲು ಅದೇ. ಇನ್ನೊಂದೆಡೆ, 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜವನ್ನು ಉಳಿಸುವ, ಹಂಚುವ, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತನಿಗೇ ಬಿಟ್ಟುಕೊಟ್ಟಿತು.

ನಂಜುಂಡಸ್ವಾಮಿ 2004ರ ಫೆಬ್ರವರಿ 3ರಂದು ನಿಧನರಾದರು. ಸಂಘ ಆ ಹೊತ್ತಿಗಾಗಲೇ ಒಡಕು ಕಂಡಿತ್ತು. ಅವರು ಕನಸಿದ ಕೇಂದ್ರ ಬಿಳಿಗಿರಿರಂಗನ ಬೆಟ್ಟದ ಸೆರಗಿನ ಹೊಂಡರಬಾಳಿನಲ್ಲಿ ನಿಧಾನವಾಗಿ ಮೈದಳೆಯಿತು. ಅವರ ಪುತ್ರಿ ಚುಕ್ಕಿ ನಂಜುಂಡಸ್ವಾಮಿ ಅದರ ಹೊಣೆ ಹೊತ್ತರು. ಅಲ್ಲಿ ದೇಸಿ ಬೀಜ ಸಂರಕ್ಷಣೆ ಹಾಗೂ ನೈಸರ್ಗಿಕ ಕೃಷಿಯ ತರಬೇತಿ ನಡೆಯುತ್ತದೆ. ಲಾ ವಿಯಾ ಕಂಪೆಸಿನಾದ ದಕ್ಷಿಣ ಏಷ್ಯಾ ಕೃಷಿ ಶಾಲೆಯಾಗಿಯೂ ಕೇಂದ್ರ ಕೆಲಸ ಮಾಡಿದೆ. ಭಾಷಣಕ್ಕಿಂತ ಹೊಲವೇ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಂದಿತೆನ್ನಬಹುದು. ಭಾಷೆ ತಿಳಿಯದಿದ್ದರೂ ಬೀಜವನ್ನು ಅಂಗೈಯಲ್ಲಿಟ್ಟು ತೋರಿಸಬಹುದಷ್ಟೆ.

2018ರ ಡಿಸೆಂಬರ್ 17ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ರೈತರ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಪರವಾಗಿ 121, ವಿರುದ್ಧವಾಗಿ 8 ಮತಗಳು ಬಿದ್ದವು. 54 ರಾಷ್ಟ್ರಗಳು ತಟಸ್ಥವಾಗಿದ್ದವು. ಭಾರತ ಪರವಾಗಿ ಮತ ನೀಡಿತು. ಘೋಷಣೆಯ 19ನೇ ವಿಧಿ ಬೀಜದ ಹಕ್ಕನ್ನು ಕುರಿತದ್ದು. ಆದರೆ ಅದನ್ನು ಪಾಲಿಸಬೇಕೆಂಬ ಕಾನೂನಿನ ಕಟ್ಟುಪಾಡು ಯಾವ ಸರ್ಕಾರಕ್ಕೂ ಇಲ್ಲ.