ಅಪ್ಪನ ಬದಲು ಅಪ್ಪನ ಗೊಂಬೆ

ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿ ರಾಜರ, ಮಂತ್ರಿಗಳ, ಕವಿಗಳ ಚಿತ್ರಗಳಿಗೆ ಹೆಸರಾದದ್ದು. ಅದರ ಸಂಗ್ರಹದಲ್ಲಿ ಎರಡೂಮುಕ್ಕಾಲು ಅಡಿ ಎತ್ತರದ ಒಂದು ಮಣ್ಣಿನ ಗೊಂಬೆಯೂ ಇದೆ. ಗೊಂಬೆಯಲ್ಲಿರುವವನು 1717ರಿಂದ 1720ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಜೋಸೆಫ್ ಕಾಲೆಟ್. ಮಾಡಿದವನು ಚೀನಾದ ಅಮಾಯ್ ಬಂದರಿನ ಚಿನ್‌ಕ್ವಾ. ತನ್ನ ಹೆಸರನ್ನೂ 1716 ಎಂಬ ಇಸವಿಯನ್ನೂ ಆತ ಗೊಂಬೆಯ ಮೇಲೆಯೇ ಬರೆದಿದ್ದಾನೆ.

ಒಬ್ಬರನ್ನು ಸುತ್ತಲೂ ಕ್ಯಾಮೆರಾ ಇಟ್ಟು ಸೆರೆಹಿಡಿದು, ಅವರದೇ ಮೂಗು, ಅವರದೇ ಕನ್ನಡಕವಿರುವ ಗೇಣುದ್ದದ ಗೊಂಬೆಯನ್ನು ಯಂತ್ರದಲ್ಲಿ ಮುದ್ರಿಸಿ ಕೊಡುವ ಅಂಗಡಿಗಳು ಈಗ ನಗರಗಳಲ್ಲಿ ಬಂದಿವೆ. ಮದುವೆಗೆ, ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಡುವವರಿದ್ದಾರೆ. ಇದನ್ನು ಹೊಸ ಹುಚ್ಚು ಎನ್ನುವವರು ಕಾಲೆಟ್‌ನ ಕಥೆ ಕೇಳಬೇಕು.

ಕಾಲೆಟ್ ವ್ಯಾಪಾರದಲ್ಲಿ ದಿವಾಳಿಯಾದವನು. ಸಾಲ ತೀರಿಸಲು ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು, ಮಕ್ಕಳನ್ನು ಇಂಗ್ಲೆಂಡಿನಲ್ಲೇ ಬಿಟ್ಟು ಪೂರ್ವಕ್ಕೆ ಬಂದ. ಮೊದಲು ಸುಮಾತ್ರ, ಆಮೇಲೆ ಮದರಾಸು. ಒಂದು ಕಾಗದ ಊರು ಮುಟ್ಟಲು ತಿಂಗಳುಗಟ್ಟಲೆ ಬೇಕಾಗಿದ್ದ ಕಾಲ. ಛಾಯಾಚಿತ್ರವೆಂಬುದು ಹುಟ್ಟಲು ಇನ್ನೂ ನೂರು ವರ್ಷ ಬಾಕಿ. 1716ರ ಡಿಸೆಂಬರಿನಲ್ಲಿ ಮಗಳು ಎಲಿಜಬೆತ್‌ಗೆ ಆತ ತನ್ನ ಗೊಂಬೆಯನ್ನೇ ಕಳುಹಿಸಿದ. ಮುಖದ ರೇಖೆಗಳು ಸರಿಯಾಗಿ ಬಂದಿವೆಯೆಂದು ಎಲ್ಲರೂ ಹೇಳುತ್ತಾರೆ, ಮೈಕಟ್ಟೂ ಉಡುಪೂ ನನ್ನದೇ, ಬಣ್ಣ ಮಾತ್ರ ಅಷ್ಟು ಕೂಡಿಬಂದಿಲ್ಲ ಎಂಬರ್ಥದ ಕಾಗದವನ್ನೂ ಬರೆದ. ಅಪ್ಪನ ಮುಖ ಮರೆತುಹೋದೀತೆಂಬ ಅಳುಕು ಇಲ್ಲದಿದ್ದರೆ ಇಷ್ಟು ವಿವರ ಯಾರು ಬರೆದಾರು?

ಈ ಗೊಂಬೆಗಳಿಗೆ ಬಳಸುತ್ತಿದ್ದದ್ದು ಬೆಂಕಿಯಲ್ಲಿ ಸುಡದ ಹಸಿಮಣ್ಣು. ಎದುರಿಗೆ ಕೂತವನ ಮುಖ ನೋಡುತ್ತ ತಿದ್ದಿ, ಒಣಗಿಸಿ, ಮೇಲೆ ಬಣ್ಣ ಬಳಿಯುತ್ತಿದ್ದರು. ಸುಟ್ಟರೆ ಮಣ್ಣು ಕುಗ್ಗುತ್ತದೆ, ಹೋಲಿಕೆ ಕೆಡುತ್ತದೆ. ಸುಡದಿದ್ದರೆ ನೀರು ತಾಗಿದರೂ ಹಾಳು, ಪೆಟ್ಟು ಬಿದ್ದರೂ ಹಾಳು. ಅಂಥದ್ದು ಹಡಗೇರಿ ಅರ್ಧ ಭೂಮಿ ಸುತ್ತಿ ಮುಟ್ಟಿತೆಂಬುದೇ ಸೋಜಿಗ.

ಕ್ಯಾಂಟನ್ ಬಂದರಿನಲ್ಲಿ ಈ ಕಸುಬು ಜೋರಾಗಿತ್ತು. ಮುಂದೆ ಕಲ್ಕತ್ತೆಯಲ್ಲಿ ವಕೀಲನಾದ ವಿಲಿಯಂ ಹಿಕಿ 1769ರಲ್ಲಿ ಅಲ್ಲಿದ್ದ. ಅವನ ಆತ್ಮಕಥೆಯಲ್ಲಿ ಒಂದು ಪ್ರಸಂಗವಿದೆ. ಹಡಗಿನ ವೈದ್ಯನೊಬ್ಬ ತನ್ನ ಗೊಂಬೆ ಕುರೂಪವಾಗಿದೆ ಎಂದು ತಕರಾರು ತೆಗೆದನಂತೆ. ಇಲ್ಲದ ಚೆಂದವನ್ನು ನಾನೆಲ್ಲಿಂದ ತರಲಿ ಎಂಬ ಧಾಟಿಯಲ್ಲಿ ಉತ್ತರ ಕೊಟ್ಟ ಕಸುಬುದಾರ, ವೈದ್ಯ ಹಣ ಕೊಡದೆ ಹೋದಾಗ ಆ ಗೊಂಬೆಯ ಕೊರಳಿಗೆ ಹಗ್ಗ ಬಿಗಿದು ಅಂಗಡಿಯಲ್ಲೇ ನೇತುಹಾಕಿದ! ಅಲ್ಲಿ ಮೊದಲೇ ಅಂಥವರು ಹಲವರು ನೇತಾಡುತ್ತಿದ್ದರು.

ಅದೇ 1769ರಲ್ಲಿ ಚಿಟ್‌ಕ್ವಾ ಎಂಬ ಕ್ಯಾಂಟನ್ ಕಸುಬುದಾರ ಲಂಡನ್ನಿಗೇ ಬಂದಿಳಿದ. ಮಣ್ಣನ್ನೂ ಊರಿನಿಂದಲೇ ತಂದಿದ್ದ. ಎದೆಮಟ್ಟದ ಪ್ರತಿಮೆಗೆ 10 ಗಿನಿ, ಪೂರ್ಣ ಗೊಂಬೆಗೆ 15 ಗಿನಿ ದರ. ಗಿರಾಕಿಗಳಿಗೆ ಬರವಿರಲಿಲ್ಲ, ಪಿಂಗಾಣಿಯ ಖ್ಯಾತ ಉದ್ಯಮಿ ಜೊಸಾಯ ವೆಜ್‌ವುಡ್ ಕೂಡ ಅವನೆದುರು ಕೂತಿದ್ದ. 1770ರಲ್ಲಿ ಆತನ ಕೃತಿ ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲಿತ್ತು. ಅಕಾಡೆಮಿಯ ಸದಸ್ಯರನ್ನು ಯೋಹಾನ್ ಜೋಫನಿ ಒಟ್ಟಾಗಿ ಚಿತ್ರಿಸಿದ ಪ್ರಸಿದ್ಧ ಪಟದಲ್ಲಿ, ಹಿಂದಿನ ಸಾಲಿನಲ್ಲಿ ಅವನ ಮುಖವೂ ಇದೆ. ಊರವರ ಮುಖಗಳನ್ನೆಲ್ಲ ಮಾಡಿಟ್ಟವನ ಮುಖ ಉಳಿದದ್ದು ಹೀಗೆ, ಇನ್ನೊಬ್ಬರ ಕೈಯಲ್ಲಿ.

ಆದರೆ 1771ರಲ್ಲಿ ಊರಿಗೆ ಹೊರಟಾಗ ಎಲ್ಲ ಎಡವಟ್ಟಾಯಿತು. ಹಡಗಿನಿಂದ ಆಯತಪ್ಪಿ ನೀರಿಗೆ ಬಿದ್ದ. ನಾವಿಕರು ಅವನನ್ನು ಅಪಶಕುನದಂತೆ ಕಂಡರು. ಹೆದರಿದ ಚಿಟ್‌ಕ್ವಾ ಹಡಗಿನ ಬಡಗಿಯ ಬಳಿ ಹೋಗಿ, ತಾನು ಸತ್ತರೆ ನೀರಿಗೆ ಹಾಕದೆ ದಡಕ್ಕೆ ಒಯ್ಯಲೆಂದು ಶವಪೆಟ್ಟಿಗೆ ಮಾಡಿಕೊಡುವಂತೆ ಬೇಡಿಕೊಂಡನೆಂದು ಆ ಕಾಲದ ಬರಹ ಹೇಳುತ್ತದೆ. ಕೊನೆಗೆ ಡೀಲ್ ಎಂಬಲ್ಲಿ ಇಳಿಸಿದರು. ಮರಳಿ ಲಂಡನ್ ಸೇರಿ, ಮರುವರ್ಷ ಸ್ವದೇಶಕ್ಕೆ ಹೋದ.

ಅವನ ಕೈಯದೆಂದು ಹೇಳಲಾಗುವ, ವೈದ್ಯ ಆಂಟನಿ ಆಸ್ಕ್ಯೂನ ಗೊಂಬೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಶಿಯನ್ಸ್‌ನಲ್ಲಿದೆ. ಕಾಲೆಟ್ 1720ರಲ್ಲಿ ಇಂಗ್ಲೆಂಡಿಗೆ ಮರಳಿ ಐದು ವರ್ಷಗಳಲ್ಲಿ ತೀರಿಕೊಂಡ. ನೇಕಾರರಿಗಾಗಿ ಆತ ಕಟ್ಟಿಸಿದ ಕಾಲೆಟ್‌ಪೇಟೆ ಚೆನ್ನೈಯ ಉತ್ತರದಂಚಿನಲ್ಲಿ ಇಂದಿಗೂ ಇದೆ. ತಮಿಳರ ನಾಲಿಗೆಯಲ್ಲಿ ಅದು ಕಾಲಡಿಪೇಟೆ.